ಐದು ಬ್ಯಾಂಕ್ ಹುಟ್ಟಿದ ಜಿಲ್ಲೆಯಲ್ಲಿ ಒಂದೇ ಉಳಿದದ್ದು ಯಾಕೆ?

ಪ್ರಶ್ನೆ: ಕಾಪುವಿನಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಅಜ್ಜನ ಕಾಲದಿಂದಲೂ ನಮ್ಮ ವ್ಯವಹಾರ ಕಾರ್ಪೊರೇಷನ್ ಬ್ಯಾಂಕಿನಲ್ಲಿ. 2020ರಲ್ಲಿ ಅದು ಯೂನಿಯನ್ ಬ್ಯಾಂಕ್ ಆಯಿತು. ಪಕ್ಕದ ಅಂಗಡಿಯವರ ಸಿಂಡಿಕೇಟ್ ಬ್ಯಾಂಕ್ ಕೆನರಾ ಆಯಿತು. ಮಾವನ ವಿಜಯಾ ಬ್ಯಾಂಕ್ ಬರೋಡಾ ಆಯಿತು. ಮಂಗಳೂರಿನಲ್ಲೇ ಹೆಡ್ ಆಫೀಸ್ ಇಟ್ಟುಕೊಂಡು ಉಳಿದದ್ದು ಕರ್ಣಾಟಕ ಬ್ಯಾಂಕ್ ಒಂದೇ. ಅದು ಬೇರೆಯವರಿಗಿಂತ ಚೆನ್ನಾಗಿ ನಡೆದದ್ದಕ್ಕೆ ಉಳಿಯಿತಾ? ಇಷ್ಟೊಂದು ಬ್ಯಾಂಕ್ ನಮ್ಮಲ್ಲೇ ಯಾಕೆ ಹುಟ್ಟಿದವು? ಇನ್ನೊಂದು ವಿಷಯ. ಅಟ್ಟ ಗುಡಿಸುವಾಗ ಅಜ್ಜನ ಹಳೇ ಪಾಸ್‌ಬುಕ್ ಸಿಕ್ಕಿದೆ. ಅದರಿಂದ ಏನಾದರೂ ಉಂಟಾ?

ಉತ್ತರ: ಚೆನ್ನಾಗಿ ನಡೆದದ್ದಕ್ಕೆ ಉಳಿಯಿತು ಅನ್ನುವ ಮಾತು ಊರಲ್ಲಿ ಜಾಸ್ತಿ ಕೇಳಿಬರುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕರ್ಣಾಟಕ ಬ್ಯಾಂಕ್ ಉಳಿದದ್ದು ಎರಡು ದಿನಾಂಕಗಳಂದು ಅದು ಚಿಕ್ಕದಾಗಿತ್ತು ಅನ್ನುವ ಕಾರಣಕ್ಕೆ. ಒಂದು 1969ರ ಜುಲೈ, ಇನ್ನೊಂದು 1980ರ ಏಪ್ರಿಲ್. ಜೋರಾಗಿ ಬೆಳೆದವರು ಸರಕಾರದ ಪಾಲಾದರು. ಮೆಲ್ಲಗೆ ನಡೆದವರು ಅವರ ಪಾಡಿಗೆ ಉಳಿದರು. ಇದು ಅರ್ಥ ಆಗಬೇಕಾದರೆ ಮೊದಲು ಇವು ಹುಟ್ಟಿದ್ದು ಹೇಗೆ ಅಂತ ನೋಡಬೇಕು. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆ ಮೊದಲು.

ನೂರಿಪ್ಪತ್ತು ವರ್ಷದ ಹಿಂದೆ ನಮ್ಮ ಜಿಲ್ಲೆ, ಎಂದರೆ ಈಗಿನ ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ, ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಆದರೆ ವ್ಯಾಪಾರಕ್ಕೇನೂ ಕಮ್ಮಿ ಇರಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರು. ಅದನ್ನು ನೋಡಿ ಊರಿನವರೂ ಕಾರ್ಖಾನೆ ಹಾಕಿದರು. ಕೊಡಗು, ಚಿಕ್ಕಮಗಳೂರಿನ ಕಾಫಿ ಘಟ್ಟ ಇಳಿದು ಇಲ್ಲಿ ಹದಗೊಂಡು ಹಡಗು ಹತ್ತುತ್ತಿತ್ತು. ಅಡಿಕೆ, ತೆಂಗು, ಮೆಣಸು, ಅಕ್ಕಿ ಎಲ್ಲವೂ ಬಂದರಿಗೆ ಬರುತ್ತಿದ್ದವು. ಅಲ್ಲಿಂದ ಮಂಜಿ ಅನ್ನುವ ಹಾಯಿಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದವು.

ಬ್ಯಾಂಕ್ ಇರಲಿಲ್ಲವಾ ಅಂದರೆ ಇತ್ತು. ಬ್ಯಾಂಕ್ ಆಫ್ ಮದ್ರಾಸಿನ ಶಾಖೆ ಮಂಗಳೂರಿನಲ್ಲಿತ್ತು. ಮುಂದೆ 1921ರಲ್ಲಿ ಇಂಪೀರಿಯಲ್ ಬ್ಯಾಂಕ್, 1955ರಲ್ಲಿ ಸ್ಟೇಟ್ ಬ್ಯಾಂಕ್ ಆದದ್ದು ಅದೇ. ಆದರೆ ಅದರ ಗಿರಾಕಿಗಳು ಕಾಫಿ ಸಾಗಿಸುವ ಐರೋಪ್ಯ ಕಂಪೆನಿಗಳು, ದೊಡ್ಡ ದೊಡ್ಡ ಮನೆತನದವರು. ಬಂದರಿನ ಕಿರಾಣಿ ವ್ಯಾಪಾರಿ ಆ ಬಾಗಿಲು ಹತ್ತುವ ಹಾಗಿರಲಿಲ್ಲ. ಅವನಿಗೆ ಗತಿ ಸಾಹುಕಾರ, ಸಾಹುಕಾರನ ಬಡ್ಡಿ.

ಇನ್ನೊಂದು ಸಂಗತಿ ಮಳೆಗಾಲ. ಜೂನ್ ಬಂತೆಂದರೆ ಹಾಯಿಹಡಗು ಸಮುದ್ರಕ್ಕೆ ಇಳಿಯುವುದಿಲ್ಲ. ಮೂರು ತಿಂಗಳು ಬಂದರು ಹೆಚ್ಚುಕಮ್ಮಿ ಮುಚ್ಚಿದ ಹಾಗೆ. ಹಂಚು ಒಣಗುವುದಿಲ್ಲ, ಸರಕು ಹೋಗುವುದಿಲ್ಲ, ಆದರೆ ಆಳಿಗೆ ಕೂಲಿ ಕೊಡಬೇಕು, ಮನೆ ನಡೆಯಬೇಕು. ಮಳೆ ನಿಂತ ಕೂಡಲೇ ಎಲ್ಲರಿಗೂ ಒಟ್ಟಿಗೇ ದುಡ್ಡು ಬೇಕು. ವರ್ಷದ ಒಂದು ಭಾಗದಲ್ಲಿ ಕೈತುಂಬ ಹಣ, ಇನ್ನೊಂದು ಭಾಗದಲ್ಲಿ ಪೂರ್ತಿ ಖಾಲಿ. ಇಂಥ ಊರಿಗೆ ಹಣ ಇಟ್ಟುಕೊಂಡು ಬೇಕಾದಾಗ ಕೊಡುವ ಒಂದು ಜಾಗ ಬೇಕೇ ಬೇಕು.

ಭೂಮಿಯ ಲೆಕ್ಕವೂ ಉಂಟು. ನಮ್ಮಲ್ಲಿ ಮೂಲಗೇಣಿ ಪದ್ಧತಿ ಇತ್ತು. ಮೂಲಗೇಣಿದಾರನಿಗೆ ಜಾಗದ ಮೇಲೆ ಕಾಯಂ ಹಕ್ಕು, ಗೇಣಿ ಹೆಚ್ಚಿಸುವ ಹಾಗಿಲ್ಲ. ಆ ಹಕ್ಕನ್ನು ಅವನು ಅಡವಿಡಬಹುದಿತ್ತು, ಮಾರಬಹುದಿತ್ತು. ಎಂದರೆ ಸಾಧಾರಣ ಕೃಷಿಕನ ಕೈಯಲ್ಲೂ ಸಾಲಕ್ಕೆ ಆಧಾರ ಆಗುವ ಒಂದು ಕಾಗದ ಇತ್ತು. ಜೊತೆಗೆ ಮನೆಯ ಹೆಂಗಸರ ಮೈಮೇಲೆ ಚಿನ್ನ ಇತ್ತು. ಕರಾವಳಿಯ ಬ್ಯಾಂಕುಗಳು ಇವತ್ತಿಗೂ ಚಿನ್ನದ ಸಾಲವನ್ನು ಕೀಳಾಗಿ ನೋಡುವುದಿಲ್ಲ, ಗಮನಿಸಿ.

ಇದೆಲ್ಲ ತಯಾರಿತ್ತು. ಕಡ್ಡಿ ಗೀರಿದ್ದು ಸ್ವದೇಶಿ ಚಳವಳಿ. 1905ರಲ್ಲಿ ಬಂಗಾಳ ವಿಭಜನೆಯಾಯಿತು, ನಮ್ಮ ದುಡ್ಡು ನಮ್ಮ ಕೈಯಲ್ಲೇ ಇರಲಿ ಅನ್ನುವ ಗಾಳಿ ದೇಶದ ತುಂಬ ಬೀಸಿತು. ಮರುವರ್ಷವೇ ನಮ್ಮ ಜಿಲ್ಲೆಯಲ್ಲಿ ಎರಡು ಬ್ಯಾಂಕ್.

ಮೊದಲನೆಯದು ನಿಮ್ಮ ಅಜ್ಜನ ಬ್ಯಾಂಕ್, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರರು ಊರಿನ ಕೆಲವರನ್ನು ಸೇರಿಸಿಕೊಂಡು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಶುರು ಮಾಡಿದರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಗ್ರಹವಾದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರೆ ನೋಡಿ. ಒಂದು ರೂಪಾಯಿಗೆ 16 ಆಣೆ, 192 ಪೈ. ಅಷ್ಟು ಸಣ್ಣ ಚಿಲ್ಲರೆಗೂ ಲೆಕ್ಕ ಇಡುವ ಅಭ್ಯಾಸ ಮೊದಲ ದಿನವೇ ಬಂದಿತ್ತು. ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯದ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದೇ ಉದ್ದೇಶ, ಸ್ವದೇಶಿ ಅಂದರೆ ಇದೇ ಅಂತ ಸ್ಥಾಪಕರು ಆಗಲೇ ಸಾರಿದ್ದರು. ಒಬ್ಬ ಮುಸ್ಲಿಂ ವ್ಯಾಪಾರಿ ಅಷ್ಟಮಠದ ಊರಿನಲ್ಲಿ ಶುರು ಮಾಡಿದ ಬ್ಯಾಂಕಿಗೆ ರಥಬೀದಿಯ ವ್ಯಾಪಾರಿಗಳು ದುಡ್ಡು ತಂದು ಇಟ್ಟರು. ಈಗಿನ ಗಲಾಟೆಯ ಮಧ್ಯೆ ಇದನ್ನು ಒಮ್ಮೆ ನೆನಪು ಮಾಡಿಕೊಂಡರೆ ನಷ್ಟ ಇಲ್ಲ. ಉಡುಪಿಯ ಮಹಿಳಾ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ಅವರ ಮನೆಯನ್ನು ಬ್ಯಾಂಕಿನವರು ಮುಂದೆ ನಾಣ್ಯಗಳ ಸಂಗ್ರಹಾಲಯ ಮಾಡಿದರು. ನೀವು ಕಾಪುವಿನವರು, ಹೋಗದಿದ್ದರೆ ಒಮ್ಮೆ ಹೋಗಿಬನ್ನಿ.

ಎರಡನೆಯದು ಮಂಗಳೂರಿನದ್ದು. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈ ಅದೇ ವರ್ಷ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಅಂತ ಒಂದು ನಿಧಿ ಕಟ್ಟಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಪೈಯವರು ಅದನ್ನು ನೋಡಲಿಲ್ಲ, 1909ರಲ್ಲೇ ತೀರಿಕೊಂಡಿದ್ದರು. ಅದಕ್ಕೂ ಮೊದಲು 1891ರಲ್ಲಿ ಕೆನರಾ ಹೈಸ್ಕೂಲ್, 1894ರಲ್ಲಿ ಹೆಣ್ಣುಮಕ್ಕಳ ಶಾಲೆ ಮಾಡಿದ್ದು ಅವರೇ. ಶಾಲೆ ಮೊದಲು, ಬ್ಯಾಂಕ್ ಆಮೇಲೆ. ಈ ಜೋಡಿಯನ್ನು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ನೋಡುತ್ತೀರಿ. ಲೆಕ್ಕ ಬರೆಯಲು ಬರುವ ಹುಡುಗರು ಸಿಗದಿದ್ದರೆ ಬ್ಯಾಂಕ್ ನಡೆಯುವುದು ಹೇಗೆ?

1906ರ ಅಕ್ಟೋಬರಿನಲ್ಲಿ ಮದ್ರಾಸಿನ ಆರ್ಬತ್‌ನಾಟ್ ಕಂಪೆನಿ ದಿವಾಳಿ ಎದ್ದಿತು. ಬಿಳಿಯರ ಕಂಪೆನಿ, ಮುಳುಗುವ ಮಾತೇ ಇಲ್ಲ ಅಂತ ನಂಬಿ ಹಣ ಇಟ್ಟ ಸಾವಿರಾರು ಜನ ಬೀದಿಗೆ ಬಂದರು. ಊರಿನ ಬ್ಯಾಂಕಿಗೇ ಹಾಕುವುದು ವಾಸಿ ಅಂತ ಜನಕ್ಕೆ ಅನ್ನಿಸಲು ಇದೂ ಒಂದು ಕಾರಣ. ಆದರೆ ಸ್ವದೇಶಿ ಬ್ಯಾಂಕುಗಳೂ ಸುಲಭಕ್ಕೆ ಪಾರಾಗಲಿಲ್ಲ. 1913ರಿಂದ ಮೂರು ನಾಲ್ಕು ವರ್ಷ ಲಾಹೋರ್, ಬೊಂಬಾಯಿ ಕಡೆ ಒಂದರ ಹಿಂದೆ ಒಂದು ಮುಳುಗಿದವು. ಅವು ಸಟ್ಟಾ, ಷೇರು, ಸ್ವಂತದವರ ಕಂಪೆನಿ ಅಂತ ದುಡ್ಡು ಸುರಿದಿದ್ದವು. ನಮ್ಮವರು ಹಾಗೆ ಮಾಡಲಿಲ್ಲ. ಧೈರ್ಯ ಇರಲಿಲ್ಲ ಅಂತಲೂ ಹೇಳಬಹುದು. ಸಾಲ ತಗೊಂಡವನ ಮನೆ, ತೋಟ, ಅವನ ಅಪ್ಪನ ವ್ಯವಹಾರ ಎಲ್ಲ ಗೊತ್ತಿರುವ ಕಡೆ ಮಾತ್ರ ಸಾಲ. ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಉಡುಪಿ ಬಿಟ್ಟು ಕುಂದಾಪುರದಲ್ಲಿ ಮೊದಲ ಶಾಖೆ ತೆರೆದದ್ದು 1923ರಲ್ಲಿ, ಮಂಗಳೂರಿಗೆ ಹೋದದ್ದು 1926ರಲ್ಲಿ. ಹದಿನೇಳು ವರ್ಷ ಒಂದೇ ಊರಲ್ಲಿ ಕೂತು ವ್ಯಾಪಾರ ಮಾಡಿದ ಬ್ಯಾಂಕ್ ಅದು.

ಈಗ ಸುಮ್ನೆ ಒಂದು ವ್ಯವಹಾರ ಕಣ್ಣ ಮುಂದೆ ಇಟ್ಟುಕೊಳ್ಳಿ. ಬಂದರಿನ ಒಬ್ಬ ವ್ಯಾಪಾರಿ ಮುಂಬಯಿಗೆ ಅಡಿಕೆ ಕಳಿಸುತ್ತಾನೆ. ಸರಕು ಮುಟ್ಟಿ, ಅಲ್ಲಿಯವನು ಮಾರಿ, ಹಣ ಇಲ್ಲಿಗೆ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಅವನು ಕೈಕಟ್ಟಿ ಕೂರಬೇಕಾ? ಅವನು ಸರಕಿನ ಕಾಗದ ಮತ್ತು ಹುಂಡಿ, ಎಂದರೆ ಇಷ್ಟು ಹಣ ಕೊಡು ಅಂತ ಮುಂಬಯಿಯವನ ಮೇಲೆ ಬರೆದ ಬಿಲ್ಲು, ಬ್ಯಾಂಕಿಗೆ ಕೊಡುತ್ತಾನೆ. ಬ್ಯಾಂಕ್ ಸ್ವಲ್ಪ ವಟ್ಟ ಮುರಿದುಕೊಂಡು ಹಣವನ್ನು ಅಲ್ಲೇ ಎಣಿಸಿ ಕೊಡುತ್ತದೆ. ಮುಂಬಯಿಯವನು ದುಡ್ಡು ಕೊಟ್ಟು ಬಿಲ್ಲು ಬಿಡಿಸಿಕೊಂಡರೆ ಮಾತ್ರ ಅವನಿಗೆ ಸರಕು. ವ್ಯಾಪಾರಿ ಆ ಹಣದಲ್ಲಿ ಮತ್ತೆ ಅಡಿಕೆ ಕೊಳ್ಳುತ್ತಾನೆ. ವರ್ಷಕ್ಕೆ ಎರಡು ಸಲ ತಿರುಗುತ್ತಿದ್ದ ಬಂಡವಾಳ ನಾಲ್ಕು ಸಲ ತಿರುಗಿದರೆ ವ್ಯಾಪಾರ ಎಷ್ಟು ಬೆಳೆಯಿತು, ನೀವೇ ಅಂಗಡಿ ನಡೆಸುವವರು, ಲೆಕ್ಕ ಹಾಕಿ. ನೀವು ಈಗ ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್ ಅನ್ನುವುದರ ಅಜ್ಜ ಅದು.

1920ರ ದಶಕದಲ್ಲಿ ಬ್ಯಾಂಕ್ ಹುಟ್ಟುವ ಭರಾಟೆ ಜೋರಾಯಿತು. ಪಾಂಗಾಳ ನಾಯಕ್ ಬ್ಯಾಂಕ್, ಜಯಲಕ್ಷ್ಮಿ ಬ್ಯಾಂಕ್, ಕೆಥೊಲಿಕ್ ಬ್ಯಾಂಕ್ ಅಂತ ಸಾಲು. ಹೆಸರಲ್ಲೇ ಯಾರದ್ದು ಅಂತ ಗೊತ್ತಾಗುತ್ತದೆ. ಕೆನರಾ, ಸಿಂಡಿಕೇಟ್ ಹಿಂದೆ ಗೌಡ ಸಾರಸ್ವತರು, ವಿಜಯಾ ಹಿಂದೆ ಬಂಟರು, ಕೆಥೊಲಿಕ್ ಬ್ಯಾಂಕಿನ ಹಿಂದೆ ಕ್ರಿಶ್ಚಿಯನ್ನರು. ಕರ್ಣಾಟಕ ಬ್ಯಾಂಕ್ 1924ರ ಫೆಬ್ರವರಿ 18ರಂದು ಮಂಗಳೂರಿನಲ್ಲಿ ನೋಂದಾಯಿತವಾಯಿತು, ಮೇ 23ರಂದು ವ್ಯವಹಾರಕ್ಕೆ ಪರವಾನಗಿ ಸಿಕ್ಕಿತು. ಬಿ.ಆರ್. ವ್ಯಾಸರಾಯಾಚಾರ್ ಮತ್ತು ಜೊತೆಗಾರರು ಕಟ್ಟಿದ್ದು. ವಕೀಲರು, ಕೃಷಿಕರು, ವ್ಯಾಪಾರಿಗಳು ಸೇರಿದ ಗುಂಪು. ಸಮುದಾಯದ ಒಳಗಿನ ಪರಿಚಯವೇ ಆಗ ಜಾಮೀನು. ಕೊಟ್ಟ ಮಾತು ತಪ್ಪಿದರೆ ಮದುವೆ ಮುಂಜಿಗೆ ಹೋದಾಗ ಮುಖ ತೋರಿಸಬೇಕಲ್ಲ! ಇದಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನು ಮುಚ್ಚಿಡಬಾರದು. ಪರಿಚಯ ಇಲ್ಲದವನಿಗೆ, ಭೂಮಿ ಚಿನ್ನ ಇಲ್ಲದವನಿಗೆ, ಯಾವ ಗುಂಪಿಗೂ ಸೇರದ ಕೂಲಿಯವನಿಗೆ ಈ ಬ್ಯಾಂಕುಗಳ ಬಾಗಿಲು ಅಷ್ಟೇನೂ ಅಗಲವಾಗಿ ತೆರೆದಿರಲಿಲ್ಲ.

ಆ ಬಾಗಿಲನ್ನು ಸ್ವಲ್ಪ ಅಗಲ ಮಾಡಿದ್ದು ಸಿಂಡಿಕೇಟ್. ನನ್ನ ಮಟ್ಟಿಗೆ ಕರಾವಳಿ ಬ್ಯಾಂಕಿಂಗಿನ ಅತಿ ಜಾಣ ಕೆಲಸ ಅದು, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ. ಕೈಮಗ್ಗದ ನೇಕಾರರು ಆಗ ಕಷ್ಟದಲ್ಲಿದ್ದರು. ಅವರಿಗೆ ಸಣ್ಣ ಸಾಲ ಕೊಡುವುದು ಮೊದಲ ಗುರಿ. ಸಾಲ ಕೊಡಲು ಠೇವಣಿ ಬೇಕು. ಠೇವಣಿ ಇಡುವಷ್ಟು ಇದ್ದವರು ಆಗಲೇ ಬೇರೆ ಬ್ಯಾಂಕುಗಳಲ್ಲಿದ್ದರು. ಉಳಿದವರ ಹತ್ತಿರ ಇದ್ದದ್ದು ದಿನದ ಚಿಲ್ಲರೆ. ಸರಿ, ಚಿಲ್ಲರೆಯನ್ನೇ ತರೋಣ ಅಂತ 1928ರಲ್ಲಿ ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ. ಗಿರಾಕಿ ಬ್ಯಾಂಕಿಗೆ ಬರುವುದು ಬೇಡ, ಬ್ಯಾಂಕಿನ ಏಜೆಂಟನೇ ಮನೆಗೆ, ಅಂಗಡಿಗೆ ಬರುತ್ತಾನೆ.

ಎರಡಾಣೆ ಅಂದರೆ ಏನು ಮಹಾ ಅಂತ ಅನ್ನಿಸಬಹುದು. ಲೆಕ್ಕ ಮಾಡಿ ನೋಡಿ. ತಿಂಗಳಿಗೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಏಳು ವರ್ಷ ಬಿಡದೆ ಕಟ್ಟಿದರೆ ಬಡ್ಡಿ ಬಿಟ್ಟು 319 ರೂಪಾಯಿ 6 ಆಣೆ. ಒಬ್ಬ ನೇಕಾರನಿಗೆ, ಮೀನು ಮಾರುವ ಹೆಂಗಸಿಗೆ ಆ ಕಾಲದಲ್ಲಿ ಅಷ್ಟು ಹಣ ಒಟ್ಟಿಗೆ ಕಾಣುವ ಬೇರೆ ದಾರಿ ಇರಲಿಲ್ಲ.

ಪಿಗ್ಮಿ ಅಂದರೆ ಉಳಿತಾಯ ಅಂತ ಎಲ್ಲರೂ ಹೇಳುತ್ತಾರೆ. ಅದರಿಂದ ಬ್ಯಾಂಕಿಗೆ ಸಿಕ್ಕ ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಸಂಜೆ ನಾಲ್ಕು ಗಂಟೆಗೆ ಏಜೆಂಟ್ ಅಂಗಡಿಗೆ ಬರುತ್ತಾನೆ. ಕಂಕುಳಲ್ಲಿ ಚೀಲ, ಕೈಯಲ್ಲಿ ಕಾರ್ಡು. ಮಾಲೀಕ ಗಲ್ಲಾ ಎಳೆದು ದುಡ್ಡು ತೆಗೆದು ಕೊಡುತ್ತಾನೆ. ಏಜೆಂಟ್ ಅಲ್ಲೇ ನಿಂತು ಬರೆಯುವಾಗ ಗಲ್ಲಾದಲ್ಲಿ ಎಷ್ಟಿತ್ತು, ಅಂಗಡಿಯಲ್ಲಿ ಎಷ್ಟು ಜನ ನಿಂತಿದ್ದಾರೆ, ಕಪಾಟಿನಲ್ಲಿ ಸಾಮಾನು ತುಂಬಿದೆಯಾ, ಎಲ್ಲ ಅವನ ಕಣ್ಣಿಗೆ ಬೀಳುತ್ತದೆ. ವಾರಕ್ಕೆ ನಾಲ್ಕು ದಿನ ‘ನಾಳೆ ಬನ್ನಿ’ ಅಂದರೆ ವ್ಯಾಪಾರ ಬಿದ್ದಿದೆ ಅಂತಲೇ ಅರ್ಥ. ಮುಂದೆ ಆ ಅಂಗಡಿಯವನು ಸಾಲಕ್ಕೆ ಅರ್ಜಿ ಹಾಕಿದರೆ ಮ್ಯಾನೇಜರ್ ಮೊದಲು ನೋಡುವುದು ಪಿಗ್ಮಿ ಕಾರ್ಡು. ಈಗ ಸಿಬಿಲ್ ಸ್ಕೋರ್ ಅಂತೇವಲ್ಲ, ಅದು ಕರಾವಳಿಯಲ್ಲಿ ಚೀಲ ಹಿಡಿದುಕೊಂಡು ನಡೆದು ಬರುತ್ತಿತ್ತು. ಈ ಏಜೆಂಟರು ನೌಕರರಾ ಅಲ್ಲವಾ ಅನ್ನುವ ಜಗಳ ದಶಕಗಟ್ಟಲೆ ನಡೆದು 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರೂ ಕಾರ್ಮಿಕರೇ ಅಂತ ತೀರ್ಮಾನವಾಯಿತು. ಪಿಗ್ಮಿ ಈಗಲೂ ಉಂಟು, ಹೆಚ್ಚಾಗಿ ಸಹಕಾರಿ ಸೊಸೈಟಿಗಳ ಕೈಯಲ್ಲಿ. ನಿಮ್ಮ ಅಂಗಡಿಗೂ ಒಬ್ಬರು ಬರುತ್ತಿರಬೇಕು, ಅಲ್ವಾ?

ವಿಜಯಾ ಬ್ಯಾಂಕ್ ಬಂದದ್ದು 1931ರ ಅಕ್ಟೋಬರ್ 23ರಂದು. ಜಗತ್ತಿನ ತುಂಬ ಆರ್ಥಿಕ ಕುಸಿತ, ಬೆಳೆಗೆ ಬೆಲೆ ಇಲ್ಲ, ರೈತ ಸಾಲದಲ್ಲಿ ಮುಳುಗಿದ್ದ. ಅತ್ತಾವರ ಬಾಲಕೃಷ್ಣ ಶೆಟ್ಟರು ಊರಿನ ಕೃಷಿಕರನ್ನು ಸೇರಿಸಿ ಮಂಗಳೂರಿನಲ್ಲಿ ಕಟ್ಟಿದರು. ಆಮೇಲೆ ಮದ್ರಾಸಿನಲ್ಲಿ ಮಂತ್ರಿಯೂ ಆದರು. ನೀವು ಬಸ್ಸಿನಲ್ಲಿ ದಾಟುವ ಎ.ಬಿ. ಶೆಟ್ಟಿ ಸರ್ಕಲ್ ಅವರದೇ ಹೆಸರಿನದ್ದು. ಆ ಬ್ಯಾಂಕನ್ನು ದೊಡ್ಡದು ಮಾಡಿದವರು ಮೂಲ್ಕಿ ಸುಂದರರಾಮ ಶೆಟ್ಟರು, 1960ರ ದಶಕದಲ್ಲಿ.

ಹಾಗೆ ನೋಡಿದರೆ ಇಡೀ ಕಥೆಯ ತಿರುವು ಇರುವುದು ಆ ದಶಕದಲ್ಲೇ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು. ದೇಶದ ತುಂಬ ಸಣ್ಣ ಬ್ಯಾಂಕುಗಳ ಮುಂದೆ ಕ್ಯೂ. ರಿಸರ್ವ್ ಬ್ಯಾಂಕಿಗೆ ಸಾಕಾಗಿಹೋಯಿತು. ಕಾನೂನು ತಿದ್ದಿ, ದುರ್ಬಲ ಬ್ಯಾಂಕುಗಳನ್ನು ಗಟ್ಟಿ ಬ್ಯಾಂಕಿನ ಜೊತೆ ಸೇರಿಸುವ ಅಧಿಕಾರ ತಗೊಂಡರು. 1962ರಲ್ಲಿ ಠೇವಣಿ ವಿಮೆ ಬಂತು. ಆಗ ಒಬ್ಬರಿಗೆ 1,500 ರೂಪಾಯಿಯವರೆಗೆ, 2020ರಿಂದ 5 ಲಕ್ಷದವರೆಗೆ. 1951ರಲ್ಲಿ ದೇಶದಲ್ಲಿ 566 ಬ್ಯಾಂಕ್ ಇದ್ದವು. 1969ಕ್ಕೆ ಬರುವಾಗ ನೂರಕ್ಕಿಂತ ಕಮ್ಮಿ. ನಮ್ಮ ಜಿಲ್ಲೆಯ ಸಣ್ಣಪುಟ್ಟ ಬ್ಯಾಂಕುಗಳೂ ಆ ಕಾಲದಲ್ಲೇ ಕರಗಿದವು. ವಿಜಯಾ ಒಂದೇ ಒಂಬತ್ತು ಬ್ಯಾಂಕುಗಳನ್ನು ಸೇರಿಸಿಕೊಂಡಿತು, ಜಯಲಕ್ಷ್ಮಿಯೂ ಅದರಲ್ಲಿ ಬಂತು. ಕರ್ಣಾಟಕ ಬ್ಯಾಂಕ್ ಕೂಡ ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗ ಬ್ಯಾಂಕ್, ಬ್ಯಾಂಕ್ ಆಫ್ ಕರ್ನಾಟಕ ಅಂತ ಮೂರನ್ನು ಸೇರಿಸಿಕೊಂಡಿತು. ಘಟ್ಟದ ಮೇಲೆ ಅದಕ್ಕೆ ಗಟ್ಟಿಯಾಗಿ ಕಾಲೂರಲು ಜಾಗ ಸಿಕ್ಕಿದ್ದು ಹೀಗೆ. ಆಗ ಅದರ ಚುಕ್ಕಾಣಿ ಹಿಡಿದಿದ್ದವರು ಕೆ. ಸೂರ್ಯನಾರಾಯಣ ಅಡಿಗರು. 1958ರಿಂದ ಎರಡು ದಶಕಕ್ಕೂ ಜಾಸ್ತಿ ಅವರದೇ ಯಜಮಾನಿಕೆ.

ಈಗ ಆ ಎರಡು ದಿನಾಂಕ.

1969ರ ಜುಲೈ 19ರಂದು ಇಂದಿರಾ ಗಾಂಧಿ ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಅಳತೆಗೋಲು ಒಂದೇ, ಠೇವಣಿ 50 ಕೋಟಿ ದಾಟಿರಬೇಕು. ನಮ್ಮಲ್ಲಿ ಕೆನರಾ ಮತ್ತು ಸಿಂಡಿಕೇಟ್ ದಾಟಿದ್ದವು. ಎರಡೂ ಹೋದವು. 1980ರ ಏಪ್ರಿಲ್ 15ರಂದು ಮತ್ತೆ ಆರು ಬ್ಯಾಂಕ್. ಈ ಸಲ ಗೆರೆ 200 ಕೋಟಿ. ಕಾರ್ಪೊರೇಷನ್ ಮತ್ತು ವಿಜಯಾ ಅಷ್ಟರಲ್ಲಿ ಗೆರೆ ದಾಟಿದ್ದವು. ಅವೂ ಹೋದವು. ಕರ್ಣಾಟಕ ಬ್ಯಾಂಕ್ ಎರಡು ಸಲವೂ ಗೆರೆಯ ಈಚೆಗೇ ಇತ್ತು. ಕೆಟ್ಟದಾಗಿ ನಡೆದಿತ್ತು ಅಂತಲ್ಲ, ನಿಧಾನವಾಗಿ ನಡೆದಿತ್ತು. ಒಟ್ಟು 20 ಬ್ಯಾಂಕ್ ರಾಷ್ಟ್ರೀಕರಣ ಆದವು, ಅದರಲ್ಲಿ 4 ನಮ್ಮ ಅವಿಭಜಿತ ಜಿಲ್ಲೆಯವು. ಐದರಲ್ಲೊಂದು! ಮುಂಬಯಿ, ಕಲ್ಕತ್ತಾ ಬಿಟ್ಟರೆ ಹೀಗೆ ಎದೆ ತಟ್ಟಿಕೊಳ್ಳುವ ಊರು ಕಮ್ಮಿ.

ರಾಷ್ಟ್ರೀಕರಣದಿಂದ ಒಳ್ಳೆಯದಾಗಲಿಲ್ಲ ಅಂತ ನಾನು ಹೇಳುವವನಲ್ಲ. ಪರಿಚಯ ಇದ್ದವರಿಗೆ ಮಾತ್ರ ಸಾಲ ಅನ್ನುವ ಗೋಡೆ ಒಡೆದದ್ದು ಆಗಲೇ. ಸಿಂಡಿಕೇಟ್ ಬ್ಯಾಂಕ್ 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮುರಾದಾಬಾದಿನಲ್ಲಿ ದೇಶದ ಮೊದಲ ಗ್ರಾಮೀಣ ಬ್ಯಾಂಕ್ ಪ್ರಾಯೋಜಿಸಿತು. ಕರಾವಳಿಯ ಹುಡುಗರು ಸೂಟ್‌ಕೇಸ್ ಹಿಡಿದುಕೊಂಡು ಬಿಹಾರ, ಉತ್ತರ ಪ್ರದೇಶದ ಹಳ್ಳಿಗಳಿಗೆ ಹೋಗಿ ಹಿಂದಿ ಕಲಿತು ಬ್ಯಾಂಕ್ ನಡೆಸಿದರು. ನಮ್ಮ ಕಡೆ ಮನೆಗೊಬ್ಬ ಬ್ಯಾಂಕಿನವನು ಇದ್ದ ಕಾಲ ಅದು.

ಆದರೆ ಯಜಮಾನ ಬದಲಾಗಿದ್ದ. ಅದರ ಪರಿಣಾಮ ಕಾಣಲು ನಲವತ್ತು ವರ್ಷ ಬೇಕಾಯಿತು. ಸರಕಾರಿ ಬ್ಯಾಂಕುಗಳ ದೊಡ್ಡ ಪಾಲು ಸರಕಾರದ್ದು. ಯಾವುದನ್ನು ಯಾವುದಕ್ಕೆ ಸೇರಿಸಬೇಕು ಅನ್ನುವುದು ದೆಹಲಿಯಲ್ಲಿ ತೀರ್ಮಾನ ಆಗುತ್ತದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ದೇನಾ ಬ್ಯಾಂಕಿನ ಜೊತೆಗೆ ಬರೋಡಾದಲ್ಲಿ ಸೇರಿತು. ವಿಜಯಾ ಆಗ ಲಾಭದಲ್ಲಿತ್ತು, ನಷ್ಟದಲ್ಲಿದ್ದದ್ದು ದೇನಾ. ಹಾಗಾಗಿಯೇ ನಮ್ಮ ಕಡೆ ಅಷ್ಟು ಸಿಟ್ಟು ಬಂದದ್ದು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೂ, ಕಾರ್ಪೊರೇಷನ್ ಆಂಧ್ರ ಬ್ಯಾಂಕಿನ ಜೊತೆ ಯೂನಿಯನ್ನಿಗೂ ಸೇರಿದವು. ನಿಮ್ಮ ಕಾರ್ಪೊರೇಷನ್ ಬ್ಯಾಂಕ್ 1990ರ ದಶಕದಲ್ಲಿ ಸರಕಾರಿ ಬ್ಯಾಂಕುಗಳ ಪೈಕಿ ಒಳ್ಳೆಯ ಹೆಸರು ಮಾಡಿದ್ದು, 1997ರಲ್ಲಿ ಷೇರು ಪೇಟೆಗೂ ಬಂತು. ಮುಂದೆ ವಸೂಲಾಗದ ಸಾಲ ಏರಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಸಿಕ್ಕಿತು, 2019ರ ಫೆಬ್ರವರಿಯಲ್ಲಿ ಹೊರಗೂ ಬಂತು. ಎಂದರೆ ಒಳ್ಳೆಯದಾಗಿ ನಡೆದದ್ದೂ ಹೋಯಿತು, ಎಡವಿ ಎದ್ದದ್ದೂ ಹೋಯಿತು. ನಡೆಸಿದ ರೀತಿಗೂ ಉಳಿದದ್ದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳುವುದು ಇದಕ್ಕೇ. ಇವತ್ತು ಕೆನರಾ ಹೆಸರಾದರೂ ಇದೆ, ಆದರೆ ಅದರ ಹೆಡ್ ಆಫೀಸ್ ಬೆಂಗಳೂರು ಸೇರಿ ಎಷ್ಟೋ ಕಾಲವಾಯಿತು.

ಕರ್ಣಾಟಕ ಬ್ಯಾಂಕನ್ನು ಹೀಗೆ ಒಂದು ಅಧಿಸೂಚನೆಯಲ್ಲಿ ಸೇರಿಸಲು ಬರುವುದಿಲ್ಲ. ಅದು ಖಾಸಗಿ ಬ್ಯಾಂಕ್, ಆರೋಗ್ಯವಾಗಿರುವಷ್ಟು ಕಾಲ ಷೇರುದಾರರು ಒಪ್ಪಬೇಕು. ಅದಕ್ಕೆ ಪ್ರವರ್ತಕರು ಅಂತ ಯಾವ ಒಂದು ಕುಟುಂಬವೂ ಇಲ್ಲ. ಷೇರುಗಳು ಲಕ್ಷಗಟ್ಟಲೆ ಸಣ್ಣ ಜನರ ಕೈಯಲ್ಲಿ ಹಂಚಿಹೋಗಿವೆ. ನಮ್ಮ ಕಡೆ ಅಜ್ಜಿಯ ಹೆಸರಲ್ಲಿ ನೂರು ಷೇರು ಇರುವ ಮನೆ ಎಷ್ಟು ಬೇಕು! ಯಾರಾದರೂ 5% ಮೀರಿ ಕೊಳ್ಳಬೇಕಾದರೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಎಷ್ಟೇ ಷೇರು ಇದ್ದರೂ ಒಬ್ಬರಿಗೆ 26%ಕ್ಕಿಂತ ಹೆಚ್ಚು ಮತ ಇಲ್ಲ. ಹಾಗಾಗಿ ಹೊರಗಿನವರು ಬಂದು ನುಂಗುವುದೂ ಸುಲಭ ಅಲ್ಲ.

ಅದೃಷ್ಟದಿಂದ ಉಳಿಯಿತು ಅಂದೆ, ಆದರೆ ಉಳಿದ ಮೇಲೆ ನಡೆಸಿದ್ದು ಅದೃಷ್ಟ ಅಲ್ಲ. 1990ರ ದಶಕದಲ್ಲಿ ಹೊಸ ಖಾಸಗಿ ಬ್ಯಾಂಕುಗಳು ಬಂದಾಗ ಹಳೆಯವು ಕೆಲವು ಎದ್ದೇಳಲೇ ಇಲ್ಲ. ಕರ್ಣಾಟಕ ಬ್ಯಾಂಕಿನವರು 2000ದ ಹೊತ್ತಿಗೇ, ಎಲ್ಲ ಶಾಖೆಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಒಂದು ಮಾಡುವ ಕೋರ್ ಬ್ಯಾಂಕಿಂಗ್‌ಗೆ ಹೋದರು. ಎಷ್ಟೋ ದೊಡ್ಡ ಸರಕಾರಿ ಬ್ಯಾಂಕುಗಳು ಆಗಿನ್ನೂ ಲೆಡ್ಜರ್ ತಿರುವುತ್ತಿದ್ದವು. 2024ರಲ್ಲಿ ನೂರು ತುಂಬುವಾಗ 900ಕ್ಕೂ ಜಾಸ್ತಿ ಶಾಖೆ, ಠೇವಣಿ ಸಾಲ ಸೇರಿ ಒಂದೂವರೆ ಲಕ್ಷ ಕೋಟಿ ಮೀರಿದ ವ್ಯವಹಾರ. ಕೇಳಲು ದೊಡ್ಡದು. ದೇಶದ ಮೊದಲ ಸಾಲಿನ ಬ್ಯಾಂಕುಗಳ ಪಕ್ಕದಲ್ಲಿ ಇಟ್ಟರೆ ಇನ್ನೂ ಚಿಕ್ಕದೇ. ಅಂಥವರ ಜೊತೆ ಕಡಿಮೆ ಬಡ್ಡಿಯ ಠೇವಣಿಗೆ ಪೈಪೋಟಿ ಮಾಡುವುದು ಸುಲಭ ಅಲ್ಲ. ಮುಂದಿನ ನೂರು ವರ್ಷ ಹೀಗೇ ಇರುತ್ತದೆ ಅಂತ ಯಾರೂ ಬರೆದುಕೊಡಲಾರರು.

ನಿಮ್ಮಂಥ ವ್ಯಾಪಾರಿಗೆ ಆದ ನಷ್ಟ ಬೋರ್ಡು ಬದಲಾದದ್ದಲ್ಲ. ಸಾಲ ಮಂಜೂರು ಮಾಡುವ ಮೇಜು ದೂರ ಹೋದದ್ದು. ಕಾರ್ಪೊರೇಷನ್ನಿನ ಹೆಡ್ ಆಫೀಸ್ ಇದ್ದ ಮಂಗಳೂರಿನ ಪಾಂಡೇಶ್ವರದಲ್ಲೋ ಸಿಂಡಿಕೇಟಿನದ್ದು ಇದ್ದ ಮಣಿಪಾಲದಲ್ಲೋ ಕೂತ ಅಧಿಕಾರಿಗೆ ಕಾಪುವಿನಲ್ಲಿ ಮಳೆಗಾಲಕ್ಕೆ ಹಾರ್ಡ್‌ವೇರ್ ವ್ಯಾಪಾರ ಬೀಳುತ್ತದೆ, ದೀಪಾವಳಿ ಕಳೆದ ಮೇಲೆ ಮನೆ ಕಟ್ಟುವವರು ಬರುತ್ತಾರೆ ಅಂತ ಹೇಳಿಕೊಡಬೇಕಾಗಿರಲಿಲ್ಲ. ಈಗ ಅದನ್ನು ನೀವು ಕಾಗದದಲ್ಲಿ ತೋರಿಸಬೇಕು. ಜಿಎಸ್‌ಟಿ ರಿಟರ್ನ್ ಸರಿಯಾಗಿ ಹಾಕಿ, ಮಾರಾಟದ ಹಣವೆಲ್ಲ ಒಂದೇ ಖಾತೆಯಲ್ಲಿ ಓಡಾಡುವ ಹಾಗೆ ಮಾಡಿ, ಜೂನ್‌ನಿಂದ ಸೆಪ್ಟೆಂಬರ್ ವ್ಯಾಪಾರ ಕಮ್ಮಿ ಅಂತ ಅರ್ಜಿಯಲ್ಲೇ ಮೂರು ವರ್ಷದ ಅಂಕಿ ಸಮೇತ ಬರೆಯಿರಿ. ಯಂತ್ರಕ್ಕೆ ಮಳೆ ಗೊತ್ತಿಲ್ಲ ಮಾರಾಯ್ರೆ.

ಕೊನೆಗೆ ಅಜ್ಜನ ಪಾಸ್‌ಬುಕ್. ಅದನ್ನು ಬಿಸಾಡಬೇಡಿ. ಬ್ಯಾಂಕ್ ಬೇರೆ ಬ್ಯಾಂಕಿನಲ್ಲಿ ಸೇರಿದರೆ ಸಾಲವೂ ಠೇವಣಿಯೂ ಜೊತೆಗೇ ಹೋಗುತ್ತವೆ. ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನೇ 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಅಂತ ಹೆಸರು ಬದಲಿಸಿದ್ದು, ಈಗ ಅದರ ಜವಾಬ್ದಾರಿ ಯೂನಿಯನ್ ಬ್ಯಾಂಕಿನದ್ದು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಹೋದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ, ಯಾವಾಗ ಬೇಕಾದರೂ ಬ್ಯಾಂಕಿನ ಮೂಲಕ ಕೇಳಬಹುದು. ಬಡ್ಡಿ ಬರುವ ಖಾತೆಯಾದರೆ ಗೊತ್ತು ಮಾಡಿದ ದರದಲ್ಲಿ ಬಡ್ಡಿಯೂ ಸಿಗುತ್ತದೆ.

ಮೊದಲು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಅಜ್ಜನ ಹೆಸರು ಹಾಕಿ ಹುಡುಕಿ. 2023ರಲ್ಲಿ ಶುರುವಾದದ್ದು, ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಅಜ್ಜನ ಹೆಸರನ್ನು ಇಂಗ್ಲಿಷಿನಲ್ಲಿ ಬೇರೆ ಬೇರೆ ಸ್ಪೆಲ್ಲಿಂಗ್ ಹಾಕಿ ನೋಡಿ, ಆ ಕಾಲದ ಗುಮಾಸ್ತರು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದರು. ಅಲ್ಲಿ ಸಿಗದಿದ್ದರೂ ಪಾಸ್‌ಬುಕ್ಕಿನಲ್ಲಿರುವ ಶಾಖೆಗೆ ಒಮ್ಮೆ ಹೋಗಿ. ಅಜ್ಜನ ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ನೀವು ವಾರಸುದಾರರು ಅಂತ ತೋರಿಸುವ ಕಾಗದ ಬೇಕು. ಬೇರೆ ವಾರಸುದಾರರಿದ್ದರೆ ಅವರ ಒಪ್ಪಿಗೆಯೂ ಬೇಕು. ಮೊದಲು ಕೊನೆಯ ಪುಟ ತಿರುವಿ ಬಾಕಿ ನೋಡಿ. ಖಾತೆ ಮುಚ್ಚಿದ ಮೊಹರು ಇದ್ದರೆ ಕೆಲಸ ಅಲ್ಲಿಗೇ ಮುಗಿಯಿತು.

ಇಲ್ಲದಿದ್ದರೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. 1960ರಲ್ಲಿ 100 ರೂಪಾಯಿ ಬಿಟ್ಟಿದ್ದರೆ ವರ್ಷಕ್ಕೆ 4% ಚಕ್ರಬಡ್ಡಿ ಅಂತ ಹಿಡಿದರೂ 65 ವರ್ಷಕ್ಕೆ ಸುಮಾರು 1,300 ರೂಪಾಯಿ. ಚಿಕ್ಕಪ್ಪ, ಅತ್ತೆಯಂದಿರ ಸಹಿ ಹಾಕಿಸಲು ನಾಲ್ಕು ಊರು ತಿರುಗಿದರೆ ಪೆಟ್ರೋಲಿಗೇ ಅಷ್ಟಾಗುತ್ತದೆ.